ಬೀಡಿ ಸೇದಲು ಎದ್ದು ಹೋದವರ ಪರವಾಗಿ ಒಂದು ಪತ್ರ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ನಮ್ಮಪ್ಪ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ತುಮಕೂರು ಜಿಲ್ಲೆಯ ಸಂತೆ ಊರುಗಳಲ್ಲಿ ಟೆಂಟ್ ಹಾಕುವುದು, ಜನ ಬರುವಷ್ಟು ದಿನ ಓಡಿಸುವುದು, ಆಮೇಲೆ ಎಲ್ಲ ಕಿತ್ತು ಲಾರಿಗೆ ಹೇರಿಕೊಂಡು ಮುಂದಿನ ಊರಿಗೆ ಹೋಗುವುದು. ಆಗ ಒಂದು ನಿಯಮ ಇತ್ತು. ಯಾವ ಪಿಕ್ಚರ್ ಹಾಕಿದರೂ ಅದಕ್ಕೆ ಮೊದಲು ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ ಮಾಡಿದ ಸಾಕ್ಷ್ಯಚಿತ್ರದ ಒಂದು ರೀಲು ತೋರಿಸಲೇಬೇಕು. ಅಣೆಕಟ್ಟು, ಪಂಚವಾರ್ಷಿಕ ಯೋಜನೆ, ಎರಡು ಮಕ್ಕಳ ಸಂಸಾರ, ಎಲ್ಲೋ ಬಂದ ನೆರೆ, ಅದನ್ನು ನೋಡಲು ಹೋದ ಮಂತ್ರಿಗಳು. ಅದು ಶುರುವಾದರೆ ಸಾಕು, ನೆಲದಲ್ಲಿ ಕೂತ ಗಂಡಸರು ಪಂಚೆ ಕೊಡವಿಕೊಂಡು ಎದ್ದು ಬೀಡಿ ಸೇದಲು ಆಚೆ ಹೋಗುತ್ತಿದ್ದರು. ಅಪ್ಪ ಅದನ್ನು ‘ಬೀಡಿ ರೀಲು’ ಅಂತಲೇ ಕರೆಯುತ್ತಿದ್ದರು. ‘ಬೀಡಿ ರೀಲು ಹಾಕಿದೀನಿ, ಇನ್ನು ಹತ್ತು ನಿಮಿಷಕ್ಕೆ ರಾಜಕುಮಾರ್ ಬರ್ತಾರೆ’ ಅನ್ನುವರು.

ಹಾಗಾಗಿ ಸಾಕ್ಷ್ಯಚಿತ್ರ ಅಂದರೆ ಎದ್ದು ಹೋಗುವ ಹೊತ್ತು ಅಂತಲೇ ನಾನು ಬೆಳೆದೆ. ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರಾದ ಮೇಲೂ ಆ ಅಭಿಪ್ರಾಯ ಬದಲಾಗಲಿಲ್ಲ. ಬದಲಾಗಿದ್ದು ನಿವೃತ್ತನಾಗುವ ಹೊತ್ತಿಗೆ, ಬೆಂಗಳೂರಿನ ಒಂದು ಸಣ್ಣ ಕೋಣೆಯಲ್ಲಿ. ಗೆಳೆಯರೊಬ್ಬರು ‘ಬನ್ನಿ ಸಾರ್, ಅರ್ಧ ಗಂಟೆಯೂ ಇಲ್ಲ’ ಅಂತ ಬಲವಂತವಾಗಿ ಕರೆದುಕೊಂಡು ಹೋದರು. ತೆರೆಯ ಮೇಲೆ ಬಂದದ್ದು ನಿಪ್ಪಾಣಿ. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಬೀಡಿಗೆ ಹೋಗುವ ತಂಬಾಕನ್ನು ಹದ ಮಾಡುವ ಕಾರ್ಖಾನೆಗಳ ಒಳಗೆ, ಎದುರಿಗಿರುವವರ ಮುಖ ಕಾಣದಷ್ಟು ಧೂಳಿನಲ್ಲಿ, ಹೆಂಗಸರು ಕೆಲಸ ಮಾಡುತ್ತಿದ್ದರು.

ನಮ್ಮ ಟೆಂಟಿನಿಂದ ಎದ್ದು ಹೋದವರ ಬೆರಳ ಸಂದಿಯಲ್ಲಿದ್ದ ಆ ತಂಬಾಕು ಯಾರ ಕೈ ದಾಟಿ ಬಂದಿತ್ತು ಅಂತ ನನಗೆ ಅವತ್ತೇ ಮೊದಲು ಹೊಳೆದದ್ದು.

ಆ ಚಿತ್ರದ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. 1982ರ ಚಿತ್ರ. ಹೆಸರು ‘ತಂಬಾಕು ಚಾಕಿಲಾ ಊಬ್ ಆಲಿ’, ಮಾತು ಮರಾಠಿ. ಇಂಗ್ಲಿಷಿನಲ್ಲಿ ‘ತಂಬಾಕಿನ ಕೆಂಡ’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಮಾಡಿದ್ದು ‘ಯುಗಾಂತರ್’ ಎಂಬ ಪುಟ್ಟ ಗುಂಪು. ಬೆಂಗಳೂರಿನಲ್ಲಿ ನೆಲೆಸಿದ ದೀಪಾ ಧನರಾಜ್, ಜೊತೆಗೆ ಅಭಾ ಭೈಯ್ಯಾ, ಮೀರಾ ರಾವ್, ಕ್ಯಾಮೆರಾ ಹಿಡಿದ ನವ್ರೋಜ್ ಕಾಂಟ್ರಾಕ್ಟರ್. ಇವರು ಕ್ಯಾಮೆರಾ ತೆಗೆದುಕೊಂಡು ಹೋಗಿ ಎರಡು ದಿನದಲ್ಲಿ ಶೂಟ್ ಮಾಡಿಕೊಂಡು ಬಂದವರಲ್ಲ. ನಾಲ್ಕು ತಿಂಗಳು ಆ ಕೆಲಸಗಾರ್ತಿಯರ ಜೊತೆ ಕಳೆದರು. ಏನು ತೋರಿಸಬೇಕು, ಹೇಗೆ ತೋರಿಸಬೇಕು ಅನ್ನುವುದನ್ನು ಅವರನ್ನೇ ಕೇಳಿದರು. ಸಂಘ ಕಟ್ಟುವಾಗ ನಡೆದದ್ದನ್ನು ಆ ಹೆಂಗಸರೇ ಮತ್ತೆ ಅಭಿನಯಿಸಿ ತೋರಿಸಿದರು. ಹಾಗಾಗಿ ಅದು ಅವರ ‘ಬಗ್ಗೆ’ ಮಾಡಿದ ಚಿತ್ರ ಅನ್ನುವುದಕ್ಕಿಂತ ಅವರೂ ಕೂತು ಮಾಡಿದ ಚಿತ್ರ.

ಅದೇ ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ನಡೆಯಿತು, ಗೋಲಿಬಾರ್ ಆಯಿತು, ರೈತರು ಸತ್ತರು. ಅದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದೇ ತಂಬಾಕಿನ ಧೂಳು ಕುಡಿದು, ಕೂಲಿಗೂ ಮರ್ಯಾದೆಗೂ ಸಂಘ ಕಟ್ಟಿ, ಮುಷ್ಕರ ಹೂಡಿ, ಸಾವಿರಾರು ಜನ ಬೀದಿಗಿಳಿದ ಹೆಂಗಸರ ಬಗ್ಗೆ ಒಂದು ದಿನವೂ ಹೇಳಿರಲಿಲ್ಲ. ಬೇಕಂತ ಬಿಟ್ಟದ್ದಲ್ಲ. ನನಗೇ ಗೊತ್ತಿರಲಿಲ್ಲ.

ಈ ಚಿತ್ರದ ಪ್ರತಿಯನ್ನು ಈಚೆಗೆ ದುರಸ್ತಿ ಮಾಡಿ ಉಳಿಸಿದ್ದು ಜರ್ಮನಿಯ ಬರ್ಲಿನ್‌ನಲ್ಲಿರುವ ಆರ್ಸೆನಲ್ ಎಂಬ ಸಂಸ್ಥೆ. ಅವರಿಗೆ ಕೈಮುಗಿಯೋಣ. ಆದರೆ ಬರ್ಲಿನ್‌ನವರು ಇಂಗ್ಲಿಷ್ ಅಕ್ಷರಗಳ ಸಹಾಯದಿಂದ ನಿಪ್ಪಾಣಿಯನ್ನು ನೋಡಬಹುದು. ತುಮಕೂರಿನಲ್ಲಿ ಕೂತು ಬೀಡಿ ಕಟ್ಟುವ ಹೆಂಗಸಿಗೆ ಆ ದಾರಿ ಇಲ್ಲ.

ನನ್ನ ಪತ್ರ ಇರುವುದೇ ಇದರ ಬಗ್ಗೆ. ಸಮಾನತೆಗಾಗಿ ನಡೆದ ಹೋರಾಟಗಳ ಸಾಕ್ಷ್ಯಚಿತ್ರಗಳಿಗೆ ಕನ್ನಡದ ದನಿ ಕೊಡಿಸಿ. ಸಬ್‌ಟೈಟಲ್ ಅಲ್ಲ, ದನಿ.

ಯಾಕೆ ದನಿಯೇ ಬೇಕು ಅಂತ ಹಟ ಹಿಡಿಯುತ್ತಿದ್ದೇನೆ ಅನ್ನುವುದಕ್ಕೆ ಒಂದು ಅನುಭವ ಹೇಳುತ್ತೇನೆ.

2017ರಲ್ಲಿ ತಮಿಳಿನಲ್ಲಿ ‘ಕಕ್ಕೂಸ್’ ಎಂಬ ಸಾಕ್ಷ್ಯಚಿತ್ರ ಬಂತು. ದಿವ್ಯಾ ಭಾರತಿ ಅವರದ್ದು. ಮಲ ಬಾಚುವ, ಚರಂಡಿ ಗುಂಡಿಗೆ ಇಳಿಯುವ ಕೆಲಸ ಇನ್ನೂ ನಿಂತಿಲ್ಲ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ತೋರಿಸುವ ಚಿತ್ರ. ತಮಿಳುನಾಡಿನಲ್ಲಿ ಕೆಲವು ಕಡೆ ಪ್ರದರ್ಶನಕ್ಕೆ ಪೊಲೀಸರು ಅಡ್ಡಿ ಮಾಡಿದರು. ದಿವ್ಯಾ ಅವರು ಅದನ್ನು ಯೂಟ್ಯೂಬಿಗೇ ಹಾಕಿಬಿಟ್ಟರು. ನಮ್ಮೂರಿನ ಪೌರಕಾರ್ಮಿಕರ ಕೇರಿಯಲ್ಲಿ ಅದನ್ನು ತೋರಿಸೋಣ ಅಂತ ಹೊರಟೆ. ಮೊದಲು ಕೇಳಿದ ಹಾಲ್‌ನವರು ‘ಇದಕ್ಕೆ ಸರ್ಟಿಫಿಕೇಟ್ ಇದ್ಯಾ ಮೇಷ್ಟ್ರೇ, ಸುಮ್ನೆ ಯಾಕೆ ತಲೆನೋವು’ ಅಂತ ಬೀಗದ ಕೈ ಕೊಡಲಿಲ್ಲ. ಕೊನೆಗೆ ಕೇರಿಯಲ್ಲೇ ಒಬ್ಬರ ಮನೆ ಮುಂದೆ ಬಿಳಿ ಪಂಚೆ ಕಟ್ಟಿ ಶುರುಮಾಡಿದೆವು.

ಹೆಸರಿಗೆ ಅನುವಾದ ಬೇಕಾಗಲಿಲ್ಲ. ತಮಿಳಿನ ಕಕ್ಕೂಸ್, ನಮ್ಮ ಕಕ್ಕಸು. ಮಿಕ್ಕಿದ್ದಕ್ಕೆ ಬೇಕಿತ್ತು. ನಮ್ಮ ಕಡೆ ಆ ಮನೆಗಳಲ್ಲಿ ತೆಲುಗು, ಹೊರಗೆ ಕನ್ನಡ. ತಮಿಳು ಬರುತ್ತಿದ್ದದ್ದು ಒಬ್ಬರಿಗೇ, ಕೆಜಿಎಫ್‌ನಿಂದ ಮದುವೆಯಾಗಿ ಬಂದ ಹೆಣ್ಣುಮಗಳಿಗೆ. ನಾನು ಎರಡು ನಿಮಿಷಕ್ಕೊಮ್ಮೆ ನಿಲ್ಲಿಸುವುದು, ಅವರು ಹೇಳುವುದು. ಸಿನಿಮಾ ಮುಗಿಯುವ ಹೊತ್ತಿಗೆ ಮೂರೂವರೆ ಗಂಟೆ ಆಗಿತ್ತು. ಮೊದಮೊದಲು ಅವರು ‘ಅವ್ರು ಹೇಳ್ತಾವ್ರೆ, ಅವ್ರಿಗೆ ಗ್ಲೌಸ್ ಕೊಟ್ಟಿಲ್ವಂತೆ’ ಅಂತ ಹೇಳುತ್ತಿದ್ದರು. ಅರ್ಧ ದಾಟಿದ ಮೇಲೆ ನಾನು ಗಮನಿಸಿದೆ. ‘ಅವ್ರು’ ಹೋಗಿ ‘ನಾವು’ ಬಂದಿತ್ತು. ‘ನಮ್ಗೆ ಗ್ಲೌಸ್ ಕೊಟ್ಟಿಲ್ಲ. ನಾವು ಹೇಳಿದ್ರೆ ಯಾರೂ ಕೇಳಲ್ಲ.’ ಅದು ಅವರಿಗೆ ಗೊತ್ತೇ ಆಗಲಿಲ್ಲ ಅಂತ ಕಾಣುತ್ತೆ. ಕೂತವರಲ್ಲೂ ಯಾರೂ ತಿದ್ದಲಿಲ್ಲ. ಬೀಡಿ ಸೇದಲು ಒಬ್ಬರೂ ಎದ್ದು ಹೋಗಲಿಲ್ಲ ಸ್ವಾಮಿ. ನಮ್ಮಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ.

ತೆರೆಯ ಕೆಳಗೆ ಓಡುವ ಸಾಲುಗಳಿಂದ ಇದು ಆಗುವುದಿಲ್ಲ. ಅವತ್ತು ಅಲ್ಲಿ ಕೂತಿದ್ದ ಮುಕ್ಕಾಲು ಜನ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಮೂರು ಸಾಲು ಹೋಗಿರುತ್ತದೆ. ಚಿತ್ರೋತ್ಸವಕ್ಕೆ ಬರುವ ನಮ್ಮಂಥವರಿಗೆ ಸಬ್‌ಟೈಟಲ್ ಸಾಕು. ಆ ಚಿತ್ರಗಳಲ್ಲಿ ಇರುವವರಂಥವರಿಗೆ ಸಾಲದು.

‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಮಲ ಹೊರುವ ಪದ್ಧತಿಯ ವಿಷಯದಲ್ಲಿ ರಾಜ್ಯ ಸರ್ಕಾರಗಳು ಸುಪ್ರೀಂ ಕೋರ್ಟಿಗೇ ಹಾಗೆ ಹೇಳಿದವು. 1993ರಲ್ಲೇ ಕಾನೂನು ಬಂದಿತ್ತಲ್ಲ, ಇನ್ನೆಲ್ಲಿದೆ ಅಂತ. 2003ರಲ್ಲಿ ಕೋರ್ಟಿಗೆ ಹೋದ ಸಫಾಯಿ ಕರ್ಮಚಾರಿ ಆಂದೋಲನದವರು ಊರೂರು ತಿರುಗಿ ಒಣ ಪಾಯಿಖಾನೆಗಳ, ಅಂದರೆ ಮಲವನ್ನು ಕೈಯಲ್ಲೇ ಬಾಚಬೇಕಾದ ಕಕ್ಕಸುಗಳ, ಫೋಟೊ ತೆಗೆದು ಮುಂದಿಟ್ಟರು. 2014ರಲ್ಲಿ ತೀರ್ಪು ಬಂತು. ಅದಕ್ಕೂ ಒಂದು ವರ್ಷ ಮೊದಲು ಹೊಸ ಕಾನೂನೇ ಆಯಿತು. ಆ ಆಂದೋಲನವನ್ನು ಕಟ್ಟಿದವರಲ್ಲಿ ಮುಖ್ಯರಾದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ. 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ನಾವೆಲ್ಲ ‘ಕನ್ನಡ ನಾಡಿನವರು’ ಅಂತ ಖುಷಿಪಟ್ಟೆವು.

ಇಲ್ಲೊಂದು ಹಳೇ ಗಾಯ ಕೆರೆಯಬೇಕಾಗಿದೆ. 2012ರಲ್ಲಿ ಅಮೀರ್ ಖಾನ್ ಅವರ ‘ಸತ್ಯಮೇವ ಜಯತೆ’ ಟಿವಿಯಲ್ಲಿ ಬರುತ್ತಿತ್ತು. ಅಸ್ಪೃಶ್ಯತೆಯ ಬಗ್ಗೆ ಒಂದು ಇಡೀ ಕಂತು ಬಂತು. ಅದರಲ್ಲಿ ಬೆಜವಾಡ ವಿಲ್ಸನ್ ಮಾತಾಡಿದರು. ದೇಶದ ಎಂಟು ರಾಜ್ಯ ಸುತ್ತಿ ಅಸ್ಪೃಶ್ಯತೆಯನ್ನು ಚಿತ್ರೀಕರಿಸಿದ ಸ್ಟಾಲಿನ್ ಕೆ. ಕೂಡ ಇದ್ದರು. ತಮಿಳಿನವರು ಅದನ್ನು ತಮಿಳಿನಲ್ಲಿ ಕೇಳಿದರು, ತೆಲುಗಿನವರು ತೆಲುಗಿನಲ್ಲಿ, ಮಲಯಾಳಿಗಳು ಮಲಯಾಳದಲ್ಲಿ, ಮರಾಠಿ ಬಂಗಾಳಿಯವರೂ ಅವರವರ ಮಾತಿನಲ್ಲಿ. ಕನ್ನಡದಲ್ಲಿ ಬರಲಿಲ್ಲ. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅನ್ನುವುದು ಆಗಿನ ಅಲಿಖಿತ ಕಾನೂನು. ಕೋಲಾರದ ಚಿನ್ನದ ಗಣಿ ಊರಿನ ಮಗ ಅಲ್ಲಿನ ಕಕ್ಕಸುಗಳ ಕಥೆ ಹೇಳುತ್ತಿದ್ದಾರೆ, ಕೇಳಲು ಕನ್ನಡ ಒಂದಕ್ಕೇ ಕಿವಿ ಇಲ್ಲ.

ಡಬ್ಬಿಂಗ್ ಬೇಡ ಅಂದವರನ್ನು ನಾನು ಹಳಿಯುತ್ತಿಲ್ಲ. 60ರ ದಶಕದಲ್ಲಿ ಅದಕ್ಕೆ ಕಾರಣ ಇತ್ತು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಇತ್ತು. ನಮ್ಮಪ್ಪನೂ ಅದೇ ಪಕ್ಷ. ಆದರೆ ಬೇರೆ ಭಾಷೆಯ ಹೀರೋ ಬಂದು ನಮ್ಮ ಹೀರೋ ಜಾಗ ತಿನ್ನುತ್ತಾನೆ ಅನ್ನುವುದು ಬೇರೆ, ಚರಂಡಿಗೆ ಇಳಿದವಳ ಮಾತು ಕನ್ನಡದಲ್ಲಿ ಕೇಳುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ತಪ್ಪಾಯಿತು. 2015ರಲ್ಲಿ ಕಾಂಪಿಟಿಷನ್ ಕಮಿಷನ್, ಅಂದರೆ ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡ ಬರದ ಹಾಗೆ ನೋಡಿಕೊಳ್ಳುವ ಕೇಂದ್ರದ ಆಯೋಗ, ಡಬ್ಬಿಂಗ್ ತಡೆಯುವುದು ಸರಿಯಲ್ಲ ಅಂತ ಹೇಳಿದ ಮೇಲೆ ಏನಾಯಿತು ನೋಡಿ. ದೊಡ್ಡ ಬಜೆಟ್ಟಿನ ಹೊಡೆದಾಟದ ಸಿನಿಮಾಗಳಿಗೆಲ್ಲ ಕನ್ನಡದ ದನಿ ಬಂತು. ಕೊಡಲಿ, ಸಂತೋಷ. ಸಾಕ್ಷ್ಯಚಿತ್ರಗಳಿಗೆ ಮಾತ್ರ ಕೊಡುವವರು ಇಲ್ಲ, ಯಾಕೆಂದರೆ ಅದರಲ್ಲಿ ಲಾಭ ಇಲ್ಲ. ಲಾಭ ಇಲ್ಲದ ಕಡೆ ಕೈಹಾಕಲು ತಾನೇ ಅಕಾಡೆಮಿ ಇರುವುದು?

‘ಮೇಷ್ಟ್ರೇ, ಇಂಥ ಚಿತ್ರ ತೋರಿಸಿದರೆ ಗಲಾಟೆ ಆಗುತ್ತೆ’ ಅನ್ನುವಿರಿ. ಆಗಬಹುದು. ಸಾಕ್ಷ್ಯಚಿತ್ರ ನಿರ್ದೇಶಕ ಆನಂದ್ ಪಟವರ್ಧನ್ ತಮ್ಮ ಚಿತ್ರಗಳನ್ನು ದೂರದರ್ಶನದಲ್ಲಿ ತೋರಿಸಲು ಮತ್ತೆ ಮತ್ತೆ ಕೋರ್ಟು ಹತ್ತಬೇಕಾಯಿತು. 2006ರಲ್ಲಿ ಸುಪ್ರೀಂ ಕೋರ್ಟೇ ‘ತೋರಿಸಿ’ ಅಂದಿತು. ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡ ಮೇಲೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ನಡೆದದ್ದರ ಬಗ್ಗೆ ನಮ್ಮ ಕರಾವಳಿಯ, ತುಳು ಸಿನಿಮಾ ಮಾಡಿದ ಪಿ.ಎನ್. ರಾಮಚಂದ್ರ ಅವರು ಚಿತ್ರ ಮಾಡಿದ್ದರು. 2017ರಲ್ಲಿ ತಿರುವನಂತಪುರದ ಉತ್ಸವದಲ್ಲಿ ಅದನ್ನು ತೋರಿಸಲು ಕೇಂದ್ರ ಸರ್ಕಾರ ಅನುಮತಿ ಕೊಡಲಿಲ್ಲ. ಇಷ್ಟೆಲ್ಲ ಇದೆ. ಆದರೆ ಇವತ್ತು ನಾನು ಕೇಳುತ್ತಿರುವುದರಲ್ಲಿ ಎಷ್ಟೋ ಚಿತ್ರಗಳಿಗೆ ಪ್ರಮಾಣಪತ್ರವೂ ಇದೆ, ರಾಷ್ಟ್ರಪ್ರಶಸ್ತಿಯೂ ಇದೆ. ಇಲ್ಲದಿರುವುದು ಕನ್ನಡ ಮಾತ್ರ. ಗಲಾಟೆಯ ಭಯ ಇರುವವರು ಅಲ್ಲಿಂದ ಶುರು ಮಾಡಬಹುದಲ್ವಾ?

ಎಲ್ಲ ಸಾಕ್ಷ್ಯಚಿತ್ರಗಳೂ ಚೆನ್ನಾಗಿರುತ್ತವೆ ಅಂತ ನಾನು ಹೇಳಲಾರೆ. ಎಷ್ಟೋ ಚಿತ್ರ ನನಗೇ ಬೋರ್ ಹೊಡೆಸಿವೆ. ಬಡವರ ಮುಖಗಳ ಮೇಲೆ ಕೊಳಲು ಊದಿಸಿ, ಮೇಲಿಂದ ಒಬ್ಬ ಗಂಡಸಿನ ಗಡಸು ದನಿಯಲ್ಲಿ ಉಪದೇಶ ಹೇಳಿಸುವ ಚಿತ್ರಗಳು ಹಳೇ ಬೀಡಿ ರೀಲಿಗಿಂತ ಬೇರೆಯೇನೂ ಅಲ್ಲ. ಅಂಥವಕ್ಕೆ ದುಡ್ಡು ಹಾಕಬೇಡಿ. ಆರಿಸುವಾಗ ಒಂದೇ ಪರೀಕ್ಷೆ ಇಟ್ಟುಕೊಳ್ಳಿ: ಆ ಚಿತ್ರದಲ್ಲಿ ಹೋರಾಟ ಮಾಡಿದವರು ತಾವೇ ಮಾತಾಡುತ್ತಾರೋ, ಅವರ ಪರವಾಗಿ ಬೇರೆಯವರು ಮಾತಾಡುತ್ತಾರೋ?

ಈ ಪರೀಕ್ಷೆಯಲ್ಲಿ ಪಾಸಾಗುವ ಒಂದು ದೊಡ್ಡ ಉದಾಹರಣೆ ಅಮೆರಿಕದ್ದು. ‘ಐಸ್ ಆನ್ ದ ಪ್ರೈಜ್’ ಅಂತ. ಅಲ್ಲಿನ ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಕಥೆ. ಮಾಡಿಸಿದವರು ಹೆನ್ರಿ ಹ್ಯಾಂಪ್ಟನ್. ಹದಿಹರೆಯದಲ್ಲಿ ಪೋಲಿಯೋ ಬಂದು ಕಾಲಿಗೆ ಆಸರೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದ ಮನುಷ್ಯ, 1965ರಲ್ಲಿ ಕರಿಯರ ಮತದ ಹಕ್ಕಿಗಾಗಿ ನಡೆದ ಸೆಲ್ಮಾ ಊರಿನ ಮೆರವಣಿಗೆಯಲ್ಲಿ ನಡೆದಿದ್ದರು. 1987ರಲ್ಲಿ 6 ಕಂತು, 1990ರಲ್ಲಿ ಇನ್ನೂ 8. ಅದರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರುತ್ತಾರೆ, ನಿಜ. ಆದರೆ ಅದರ ಜೀವ ಇರುವುದು ಹೆಸರು ಕೇಳದ ಜನರಲ್ಲಿ. ಮಾಂಟ್ಗಮರಿ ಊರಿನಲ್ಲಿ ಕರಿಯರನ್ನು ಬೇರೆ ಕೂರಿಸುವ ಬಸ್ಸು ಹತ್ತುವುದಿಲ್ಲ ಅಂತ 381 ದಿನ ನಡೆದ ಮನೆಗೆಲಸದವರು, ಬೈಸಿಕೊಂಡು ಶಾಲೆಗೆ ಹೋದ ಮಕ್ಕಳು. ಅವರು ಮುದುಕರಾಗುವ ಮೊದಲೇ ಹ್ಯಾಂಪ್ಟನ್ ತಂಡ ಅವರನ್ನು ಹುಡುಕಿ ಕೂರಿಸಿ ಮಾತಾಡಿಸಿತು.

ಇದನ್ನು ನಿಮಗೆ ಹೇಳುತ್ತಿರುವುದಕ್ಕೆ ಒಂದು ವ್ಯವಹಾರದ ಕಾರಣವೂ ಇದೆ. ಆ ಚಿತ್ರಮಾಲೆಯಲ್ಲಿ ಬಳಸಿದ ಹಳೇ ಸುದ್ದಿ ತುಣುಕು, ಫೋಟೊ, ಹಾಡುಗಳ ಹಕ್ಕನ್ನು ಕೆಲವೇ ವರ್ಷಕ್ಕೆ ಕೊಂಡಿದ್ದರು. ಕೈಯಲ್ಲಿ ಇದ್ದ ದುಡ್ಡೇ ಅಷ್ಟು. 90ರ ದಶಕದಲ್ಲಿ ಅವಧಿ ಮುಗಿಯಿತು. ಅಲ್ಲಿಗೆ ಟಿವಿಯಲ್ಲಿ ತೋರಿಸುವ ಹಾಗಿಲ್ಲ, ಹೊಸ ಕ್ಯಾಸೆಟ್ ಮಾರುವ ಹಾಗಿಲ್ಲ. ಕಿಂಗ್ ಅವರ ಹುಟ್ಟುಹಬ್ಬಕ್ಕೆ ಜೊತೆಯವರು ‘ಹ್ಯಾಪಿ ಬರ್ತ್‌ಡೇ’ ಹಾಡುವ ಒಂದು ದೃಶ್ಯವಿದೆ. ಆ ಹಾಡಿನ ಹಕ್ಕೂ ಯಾರದ್ದೋ ಕೈಯಲ್ಲಿತ್ತು! ದೇಶದ ಅತಿ ದೊಡ್ಡ ಹೋರಾಟದ ದಾಖಲೆ ಲೈಬ್ರರಿಗಳ ಸವೆದ ಟೇಪುಗಳಲ್ಲಿ ಮಾತ್ರ ಉಳಿಯಿತು. ಹ್ಯಾಂಪ್ಟನ್ 1998ರಲ್ಲಿ ತೀರಿಕೊಂಡರು. ಫೋರ್ಡ್ ಫೌಂಡೇಷನ್ ಮುಂತಾದವರ ದುಡ್ಡಿನಿಂದ ಹಕ್ಕುಗಳನ್ನು ಮತ್ತೆ ಕೊಂಡು ಅದು ಟಿವಿಗೆ ಮರಳಿದ್ದು 2006ರಲ್ಲಿ. ಆದ್ದರಿಂದ ನೀವು ಕನ್ನಡಕ್ಕೆ ತರುವ ಚಿತ್ರಗಳ ಒಪ್ಪಂದ ಬರೆಸುವಾಗ ಮೂರು ವರ್ಷ, ಐದು ವರ್ಷ ಅಂತ ಬರೆಸಬೇಡಿ. ಶಾಲೆ, ಲೈಬ್ರರಿ, ಹಾಸ್ಟೆಲು, ಸಂಘಗಳಲ್ಲಿ ಯಾವಾಗ ಬೇಕಾದರೂ ತೋರಿಸುವ ಹಕ್ಕು ಖಾಯಂ ಆಗಿ ಬರಲಿ. ಮಾಡಿದವರಿಗೆ ನ್ಯಾಯವಾದ ದುಡ್ಡು ಕೊಡಿ. ಈ ಚಿತ್ರಗಳನ್ನು ಮಾಡಿದವರಾರೂ ಬಂಗಲೆ ಕಟ್ಟಿಸಿಲ್ಲ.

ತೋರಿಸುವುದು ಎಲ್ಲಿ ಅಂದರೆ, ಜಾಗ ಆಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಅಂತ ಹೆಸರು, ರಾಜ್ಯದಲ್ಲಿ 5,000ಕ್ಕೂ ಜಾಸ್ತಿ ಇವೆ. ನಾನು ನೋಡಿದ ಎಷ್ಟೋ ಕಡೆ ಟಿವಿ ಇದೆ, ಅದರಲ್ಲಿ ಹಾಕಲು ಏನೂ ಇಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ. ಅಲ್ಲಿನ ಹುಡುಗ ಹುಡುಗಿಯರು ರಾತ್ರಿ ಊಟ ಆದ ಮೇಲೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ತಿಂಗಳಿಗೊಂದು ಚಿತ್ರ ಹಾಕಿ, ಅವರೇ ಜಗಳ ಆಡಿಕೊಳ್ಳಲಿ.

ದನಿ ಕೊಡಿಸುವಾಗ ದಯವಿಟ್ಟು ವಾರ್ತೆ ಓದುವ ಕನ್ನಡ ಬೇಡ. ನಿಪ್ಪಾಣಿಯ ಹೆಂಗಸರಿಗೆ ಚಿಕ್ಕೋಡಿ ಕಡೆಯ ಹೆಂಗಸರೇ ದನಿ ಕೊಡಲಿ. ‘ಕಕ್ಕೂಸ್’ಗೆ ಕೋಲಾರದ ಕೇರಿಯವರು ಕೊಡಲಿ. ಅವರಿಗೆ ಸ್ಟುಡಿಯೋ ಹೊಸದು, ನಾಲ್ಕು ದಿನ ಜಾಸ್ತಿ ಹಿಡಿಯುತ್ತೆ, ಅಷ್ಟೇ. ‘ಅದು ಮರಾಠಿ ಚಿತ್ರ, ಗಡಿ ತಕರಾರು, ನಮಗೆ ಯಾಕೆ’ ಅಂತ ಯಾರಾದರೂ ಅಂದರೆ ಒಂದೇ ಮಾತು ಹೇಳಿ: ಆ ಹೆಂಗಸರ ರೇಷನ್ ಕಾರ್ಡು ಕೊಟ್ಟದ್ದು ಕರ್ನಾಟಕ ಸರ್ಕಾರ.

ನಮ್ಮ ಹೋರಾಟಗಳ ಕಥೆಯೂ ಇದೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯ ಕೇಳಿ ಎದ್ದು ನಿಂತರು. ಅವತ್ತು 20 ವರ್ಷದವರಾಗಿದ್ದವರಿಗೆ ಈಗ 90 ದಾಟಿದೆ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಮಲ ಬಾಚುವ ಕೆಲಸಕ್ಕೆ ದೂಡಲ್ಪಟ್ಟ ಭಂಗಿ ಸಮುದಾಯದವರು ಮನೆ ಕಳೆದುಕೊಳ್ಳುವ ಸಂಕಟದಲ್ಲಿ ಮೈಮೇಲೆ ಮಲ ಸುರಿದುಕೊಂಡರು. ಟಿವಿಯವರು ಅದನ್ನು ಎರಡು ದಿನ ತೋರಿಸಿ ಬಿಟ್ಟರು. ಅವರನ್ನು ಕೂರಿಸಿ, ಹೊತ್ತು ಕೊಟ್ಟು, ಪೂರ್ತಿ ಮಾತಾಡಿಸಿ ಇಡುವ ಕೆಲಸವನ್ನು ನಮ್ಮ ಹುಡುಗರಿಂದ ಮಾಡಿಸಿ. ಫೋನಿನಲ್ಲೇ ತೆಗೆದರೂ ಆಗುತ್ತೆ. ನಿಪ್ಪಾಣಿಯ ಮುಷ್ಕರದಲ್ಲಿದ್ದ ಹುಡುಗಿಯರೂ ಈಗ 60 ದಾಟಿದವರು. ಅವರನ್ನು ಇನ್ನೊಮ್ಮೆ ಮಾತಾಡಿಸಬೇಕಾಗಿದೆ.

ಕೊನೆಯದಾಗಿ ಒಂದು ಸ್ವಂತದ ವಿಷಯ. ನಿಪ್ಪಾಣಿ ಚಿತ್ರ ನೋಡಿ ಬಂದ ವಾರ ನಮ್ಮ ಹಿಂದಿನ ಬೀದಿಯ ಬೀಡಿ ಕಟ್ಟುವ ಹೆಂಗಸರಿಗೆ ಅದನ್ನು ತೋರಿಸಬೇಕು ಅನ್ನಿಸಿತು. ಚಿತ್ರ ನನ್ನ ಹತ್ತಿರ ಇರಲಿಲ್ಲ. ಜಗಲಿ ಮೇಲೆ ಕೂತು ಬಾಯಲ್ಲೇ ಹೇಳಿದೆ. ಧೂಳು ಹೇಗಿತ್ತು, ಸಂಘ ಹೇಗೆ ಕಟ್ಟಿದರು, ಮೆರವಣಿಗೆ ಹೇಗೆ ಹೋಯಿತು ಅಂತ. ಎಲೆ ಕತ್ತರಿಸುತ್ತಲೇ ಕೇಳಿದರು. ಮುಗಿದ ಮೇಲೆ ಒಬ್ಬಾಕೆ, ‘ನೀವು ಹೇಳಿದ್ದು ಸರಿ ಮೇಷ್ಟ್ರೇ, ಅವ್ರು ಕೆಮ್ತಿದ್ರಾ?’ ಅಂದರು. ನನಗೆ ನೆನಪಾಗಲಿಲ್ಲ. ನಾನು ಸಾಲುಗಳನ್ನು ಓದುವುದರಲ್ಲಿದ್ದೆ, ಕೆಮ್ಮು ಕೇಳಿಸಿಕೊಂಡಿರಲಿಲ್ಲ.

ನಮ್ಮೂರಲ್ಲಿ ಪ್ರೊಜೆಕ್ಟರ್ ಇದೆ. ಅಪ್ಪನ ಕಾಲದ ತೆರೆಯೂ ಇದೆ, ಒಂದು ಕಡೆ ಇಲಿ ಕಡಿದಿದೆ, ಹೊಲಿಸುತ್ತೇನೆ. ಕನ್ನಡದ ಪ್ರತಿ ಸಿದ್ಧವಾದರೆ ತಿಳಿಸಿ. ಬೀಡಿ ಕಟ್ಟುವವರಿಗೆ ಭಾನುವಾರ ಸಂಜೆ ಆರರ ಮೇಲೆ ಮಾತ್ರ ಬಿಡುವು.

ಇಂತಿ ನಿಮ್ಮ,
ಒಬ್ಬ ನಿವೃತ್ತ ಸಮಾಜ ಪಾಠದ ಮೇಷ್ಟ್ರು
ತುಮಕೂರು ಜಿಲ್ಲೆ